ಎಡಮುರಿ, ಬಲಮುರಿ

2023ರ ಡಿಸೆಂಬರ್ 3 ಮತ್ತು 4ರಂದು ಮಿಚಾಂಗ್ ಚಂಡಮಾರುತದ ಮಳೆ ಚೆನ್ನೈಯನ್ನು ಮುಳುಗಿಸಿತಲ್ಲ, ಆಗ ಪುರಸೈವಾಕ್ಕಂನ ನಮ್ಮ ಅಪಾರ್ಟ್‌ಮೆಂಟಿನ ಪಾರ್ಕಿಂಗ್‌ನಲ್ಲಿ ಮೊಣಕಾಲುದ್ದ ನೀರು ನಿಂತಿತ್ತು. ಅಲ್ಲೇ ಮೂಲೆಯಲ್ಲಿ ಒಂದು ಸಣ್ಣ ಕೋಣೆ. ಎಲ್ಲ ಮನೆಯವರೂ ತಮಗೆ ಬೇಡವಾದ, ಆದರೆ ಎಸೆಯಲು ಮನಸ್ಸಿಲ್ಲದ ಸಾಮಾನುಗಳನ್ನು ಅಲ್ಲಿ ತುಂಬಿರುತ್ತಾರೆ. ಕರೆಂಟಿಲ್ಲ, ಮೊಬೈಲಿನ ಬೆಳಕಿನಲ್ಲಿ ನಾನೂ ಮಗಳೂ ನಮ್ಮ ಪಾಲಿನ ರಟ್ಟಿನ ಡಬ್ಬಗಳನ್ನು ಒಂದೊಂದಾಗಿ ಮೇಲೆ ಸಾಗಿಸಿದೆವು. ಮೂರನೆಯ ಡಬ್ಬದ ತಳ ಕಿತ್ತು ಹೋಗಿ ಮೆಟ್ಟಿಲ ಮೇಲೆಲ್ಲ ನನ್ನ ಎಂ.ಟೆಕ್. ಕಾಲದ ಕಾಗದಗಳು ಚೆಲ್ಲಾಡಿದವು. ಅವುಗಳ ನಡುವೆ ಬೆಂಕಿಪೆಟ್ಟಿಗೆಗಿಂತ ಸ್ವಲ್ಪ ಉದ್ದವಾದ, ಕಪ್ಪು ಹಿನ್ನೆಲೆಯ ಒಂದು ರಟ್ಟಿನ ಸ್ಲೈಡು ಸಿಕ್ಕಿತು. ಮೇಲೆ ಗಾಜು. ಒಳಗೆ ಬಿಳಿ ಗೆರೆಗಳಲ್ಲಿ ಅರವತ್ತು ಪುಟಾಣಿ ಚೌಕಗಳು, ಪ್ರತಿ ಚೌಕಕ್ಕೂ ನಂಬರು. ಕೆಲವು ಚೌಕಗಳಲ್ಲಿ ರವೆಯ ಕಾಳಿನಂಥ ಬಿಳಿ ಚುಕ್ಕೆಗಳು.

"ಏನಪ್ಪಾ ಇದು, ಧೂಳಾ?" ಎಂದಳು ಮಗಳು.

ಧೂಳಲ್ಲ. 2003ರಲ್ಲಿ ಒಬ್ಬ ಗೆಳೆಯ ಕೊಟ್ಟದ್ದು. ನಾನು ಸುರತ್ಕಲ್ಲಿನಲ್ಲಿ ಮರೈನ್ ಸ್ಟ್ರಕ್ಚರ್ಸ್ ಓದುತ್ತಿದ್ದಾಗ ಅವನು ಮಂಗಳಗಂಗೋತ್ರಿಯಲ್ಲಿ ಸಮುದ್ರ ಭೂವಿಜ್ಞಾನ ಓದಿ ಆಮೇಲೆ ಗೋವಾಕ್ಕೆ ಸಂಶೋಧನೆಗೆ ಹೋದ. ನಾನು ಅಲೆ ಬಂದು ಬಡಿದರೆ ತಡೆಗೋಡೆ ಎಷ್ಟು ಹೊತ್ತು ನಿಂತೀತು ಎಂದು ಲೆಕ್ಕ ಹಾಕುತ್ತಿದ್ದರೆ, ಅವನು ಅರಬ್ಬಿ ಸಮುದ್ರದ ತಳದಿಂದ ತಂದ ಕೆಸರನ್ನು ಜರಡಿ ಹಿಡಿದು ತೊಳೆದು, ಸೊನ್ನೆ-ಸೊನ್ನೆ-ಸೊನ್ನೆ ನಂಬರಿನ ಕುಂಚದ ತುದಿಯನ್ನು ನಾಲಿಗೆಯಲ್ಲಿ ಒದ್ದೆ ಮಾಡಿಕೊಂಡು, ಸೂಕ್ಷ್ಮದರ್ಶಕದ ಕೆಳಗೆ ಒಂದೊಂದೇ ಚಿಪ್ಪನ್ನು ಎತ್ತಿ ಆ ಚೌಕಗಳಲ್ಲಿ ಅಂಟಿಸುತ್ತಿದ್ದ. ನೀನೂ ಬಾ, ಸಮುದ್ರದ ಕೆಲಸ ಮಾಡೋಣ ಎಂದು ಕರೆದಿದ್ದ. ನನಗೆ ಚೆನ್ನೈಯ ಕಂಪನಿಯೊಂದರ ಆಫರ್ ಲೆಟರ್ ಬಂದಿತ್ತು. ಬಂದೆ. ಇಪ್ಪತ್ತು ವರ್ಷವಾಯಿತು.

ಇಲ್ಲಿನ ಜನ ಈ ಬಡಾವಣೆಯನ್ನು ಪುರಸವಾಕ್ಕಂ ಎನ್ನುತ್ತಾರೆ. ಗಂಗಾಧರೇಶ್ವರ ದೇವಸ್ಥಾನ, ಬಟ್ಟೆ ಅಂಗಡಿಗಳು, ಪಾತ್ರೆ ಅಂಗಡಿಗಳು, ಈಗ ಕೆಲವು ವರ್ಷಗಳಿಂದ ಮೆಟ್ರೋ ಅಗೆತದ ತಗಡಿನ ಗೋಡೆಗಳು. ಸಮುದ್ರ ಹತ್ತಿರವೇ ಇದೆ, ಆದರೆ ಇಲ್ಲಿ ನಿಂತರೆ ಅದರ ವಾಸನೆಯೂ ಬರುವುದಿಲ್ಲ. ನಾನು ಕಾರವಾರದವನು. ಅಪ್ಪ ಬೈತಖೋಲದ ಬಂದರಿನಲ್ಲಿ ಮೀನುದೋಣಿಗಳ ಡೀಸೆಲ್ ಎಂಜಿನ್ ರಿಪೇರಿ ಮಾಡುತ್ತಿದ್ದರು. ನಮ್ಮ ಸಮುದ್ರದಲ್ಲಿ ಸೂರ್ಯ ಮುಳುಗುತ್ತಾನೆ, ಇಲ್ಲಿಯದರಲ್ಲಿ ಹುಟ್ಟುತ್ತಾನೆ. ಮೊದಲ ಎರಡು ವರ್ಷ ಮರೀನಾದಲ್ಲಿ ಸಂಜೆ ನಿಂತಾಗ ಬೆನ್ನ ಹಿಂದೆ ಕತ್ತಲಾಗುವುದು ಬದಲು ಬೆನ್ನ ಹಿಂದೆ ಬೆಳಕಿರುವುದು ನನಗೆ ಸರಿಬರುತ್ತಲೇ ಇರಲಿಲ್ಲ. ಆಮೇಲೆ ಅದೂ ಅಭ್ಯಾಸವಾಯಿತು, ಮರೀನಾಗೆ ಹೋಗುವುದು ಬಿಟ್ಟೆ.

ನೀರು ಇಳಿದ ಮೇಲಿನ ವಾರ ಮಗಳ ಹಟಕ್ಕೆ ರಿಚ್ಚಿ ಸ್ಟ್ರೀಟ್‌ಗೆ ಹೋಗಿ ಲ್ಯಾಪ್‌ಟಾಪಿಗೆ ಚುಚ್ಚುವ ಒಂದು ಅಗ್ಗದ ಯುಎಸ್‌ಬಿ ಮೈಕ್ರೋಸ್ಕೋಪು ತಂದೆ. ಪೆಟ್ಟಿಗೆಯ ಮೇಲೆ ಸಾವಿರ ಪಟ್ಟು ಎಂದಿತ್ತು, ನೂರು ಪಟ್ಟು ದೊಡ್ಡದಾಗಿ ಕಂಡರೂ ನನ್ನ ಪುಣ್ಯ. ಆದರೆ ಅಷ್ಟು ಸಾಕಾಯಿತು. ಸ್ಕ್ರೀನಿನ ಮೇಲೆ ಆ ರವೆಯ ಕಾಳುಗಳು ಗೋಲಿಗಳಾದವು. ಮೂರು ನಾಲ್ಕು ಗುಳ್ಳೆಗಳು ಒಂದಕ್ಕೊಂದು ಅಂಟಿಕೊಂಡಂಥವು, ಸಣ್ಣದರಿಂದ ದೊಡ್ಡದಕ್ಕೆ ಸುರುಳಿಯಾಗಿ ಬೆಳೆದವು, ಕೊನೆಯ ಕೋಣೆ ಜೋಳಿಗೆಯಂತೆ ಜೋತುಬಿದ್ದವು. 41ರಿಂದ 51ರವರೆಗಿನ ಚೌಕಗಳಲ್ಲಿ ಹನ್ನೊಂದು ಪೂರ್ತಿ ದುಂಡನೆಯ ಚೆಂಡುಗಳು.

ಫೊರಾಮಿನಿಫೆರಾ. ನಾವು ಫೊರಾಮ್ ಎನ್ನೋಣ. ಒಂದೇ ಜೀವಕೋಶದ ಪ್ರಾಣಿ, ಆದರೂ ಸುಣ್ಣದ ಮನೆ ಕಟ್ಟುತ್ತದೆ. ಬಹುಪಾಲು ಜಾತಿಗಳು ಕಡಲ ತಳದಲ್ಲಿ ಬಾಳುತ್ತವೆ. ಸುಮಾರು ಐವತ್ತು ಜಾತಿಗಳು ಮಾತ್ರ ನೀರಿನಲ್ಲಿ ತೇಲುತ್ತವೆ, ಅವೇ ಪ್ಲಾಂಕ್ಟನ್. ಒಂದು ಮಿಲಿಮೀಟರಿನ ಅರ್ಧಕ್ಕಿಂತ ಸಾಮಾನ್ಯವಾಗಿ ಚಿಕ್ಕವು. ಹುಟ್ಟಿದಾಗ ಒಂದು ಕೋಣೆ, ಬೆಳೆದಂತೆ ಪಕ್ಕದಲ್ಲಿ ಇನ್ನೊಂದು ದೊಡ್ಡ ಕೋಣೆ, ಆಮೇಲೆ ಮತ್ತೊಂದು. ಹಳೆಯ ಕೋಣೆಯನ್ನು ಕೆಡವುವುದಿಲ್ಲ. ಮೇಲ್ಮೈ ಬಳಿ ಇರುವ ಹಲವು ಜಾತಿಗಳು ಚಂದ್ರನ ಲೆಕ್ಕದಲ್ಲಿ, ಸುಮಾರು ಒಂದು ತಿಂಗಳಲ್ಲಿ ಬದುಕು ಮುಗಿಸುತ್ತವೆ: ತನ್ನೊಳಗಿರುವುದನ್ನೆಲ್ಲ ಸಂತಾನವಾಗಿ ಹೊರಕ್ಕೆ ಬಿಟ್ಟು ಜೀವ ಹೋಗುತ್ತದೆ, ಖಾಲಿ ಚಿಪ್ಪು ಕೆಳಗಿಳಿಯುತ್ತದೆ. ಕಡಲತಳದ ಬಹು ದೊಡ್ಡ ಭಾಗವನ್ನು ಹೊದ್ದಿರುವ ಬಿಳಿಚು ಕೆಸರು ಇಂಥವುಗಳಿಂದಲೇ ಆದದ್ದು. ಇವು ಮೇಲೆ ಬದುಕಿ ಕೆಳಗೆ ಬೀಳುತ್ತವೆಯೋ, ಕೆಳಗೇ ಬದುಕುತ್ತವೆಯೋ ಎಂಬ ಜಗಳ 1872ರಿಂದ 1876ರವರೆಗಿನ ಚಾಲೆಂಜರ್ ಹಡಗಿನ ಯಾತ್ರೆಯಲ್ಲಿ ಜಾನ್ ಮುರ್ರೆ ಮೇಲ್ಮೈ ನೀರಿಗೆ ಬಲೆ ಬಿಟ್ಟು ಜೀವಂತ ಚಿಪ್ಪುಗಳನ್ನು ಹಿಡಿಯುವ ತನಕ ನಡೆದಿತ್ತು.

ಆ ಚಳಿಗಾಲದ ರಾತ್ರಿಗಳಲ್ಲಿ (ಚೆನ್ನೈಯಲ್ಲಿ ಚಳಿಗಾಲ ಎಂದರೆ ಫ್ಯಾನು ಎರಡರಲ್ಲಿ ಓಡುವ ಕಾಲ) ಅಮೆರಿಕದ ಸ್ಟೇಟಸ್ ಕಾಲ್ ಮುಗಿದ ಮೇಲೆ ನಾನು ಇವುಗಳ ಬಗ್ಗೆ ಓದುತ್ತ ಕೂತೆ. ಮನೆಯಲ್ಲಿ ಮಗಳ ಪ್ರಾಜೆಕ್ಟಿಗೆ ಎಂದು ಹೇಳಿದೆ. ಮಗಳಿಗೆ ಅಂಥ ಪ್ರಾಜೆಕ್ಟೇನೂ ಇರಲಿಲ್ಲ.

ನನ್ನನ್ನು ಹಿಡಿದದ್ದು ಒಂದೇ ಸಂಗತಿ: ನೀರು ಹೇಗೋ ಚಿಪ್ಪು ಹಾಗೆ ಎಂಬುದು. ಅಮೆರಿಕದ ಅಲನ್ ಬೇ ಎಂಬ ವಿಜ್ಞಾನಿ 1968ರಲ್ಲಿ ಬರೆದ ಲೇಖನದಲ್ಲಿ, ಬೆಚ್ಚಗಿನ ನೀರಿನ ಫೊರಾಮ್‌ಗಳ ಗೋಡೆಯಲ್ಲಿ ರಂಧ್ರಗಳು ಆಕ್ರಮಿಸುವ ಪಾಲು ಹೆಚ್ಚು, ತಣ್ಣೀರಿನವುಗಳಲ್ಲಿ ಕಡಿಮೆ ಎಂದು ತೋರಿಸಿದ. ಬೆಚ್ಚನೆಯ ನೀರಿನಲ್ಲಿ ಕರಗಿರುವ ಆಮ್ಲಜನಕ ಕಡಿಮೆ, ಉಸಿರಾಡಲು ಕಿಟಕಿಗಳು ಹೆಚ್ಚು ಬೇಕು ಎಂಬುದು ಅದಕ್ಕೆ ಕೊಡುವ ವಿವರಣೆಗಳಲ್ಲೊಂದು. ಚೆನ್ನೈಯಲ್ಲಿ ಮೇ ತಿಂಗಳು ಕಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನನ್ನ ಸ್ಲೈಡಿನ ಆ ದುಂಡನೆಯ ಚೆಂಡುಗಳ ಹೆಸರು ಆರ್ಬ್ಯುಲಿನಾ ಯುನಿವರ್ಸಾ. ಇದು ಚಿಕ್ಕಂದಿನಲ್ಲಿ ಎಲ್ಲರಂತೆ ಸುರುಳಿಯಾಗಿ ಕೋಣೆ ಕಟ್ಟುತ್ತದೆ. ದೊಡ್ಡದಾದ ಮೇಲೆ ತನ್ನ ಇಡೀ ಬಾಲ್ಯವನ್ನು ಒಳಗಿಟ್ಟುಕೊಂಡು ಸುತ್ತ ಒಂದು ಗೋಳ ಕಟ್ಟಿಕೊಳ್ಳುತ್ತದೆ. ಇದೇ ಬೇ ಮತ್ತು ಸಂಗಡಿಗರು 1973ರಲ್ಲಿ ಹಿಂದೂ ಮಹಾಸಾಗರದ ಆರ್ಬ್ಯುಲಿನಾಗಳನ್ನು ಅಳೆದರು. ಉಷ್ಣವಲಯದಲ್ಲಿ ಗೋಳ ದೊಡ್ಡದು, ದಕ್ಷಿಣದ ತಣ್ಣೀರಿಗೆ ಹೋದಂತೆ ಚಿಕ್ಕದು. ಗೋಳದ ಅಡ್ಡಳತೆ ನೋಡಿ ನೀರಿನ ಬಿಸಿ ಹೇಳಬಹುದು ಎಂಬ ಆಸೆ ಹುಟ್ಟಿದ್ದು ಹೀಗೆ.

ಉಪ್ಪಿನ ಕಥೆ ಇನ್ನೊಂದು. ಅರಬ್ಬಿ ಸಮುದ್ರದ ಒಂದು ಕಿಲೋ ನೀರಿನಲ್ಲಿ ಉಪ್ಪು 36 ಗ್ರಾಮಿನ ಆಸುಪಾಸು. ಬಂಗಾಳ ಕೊಲ್ಲಿಗೆ ಗಂಗೆ, ಬ್ರಹ್ಮಪುತ್ರ, ಐರಾವತಿ, ಗೋದಾವರಿ, ಕೃಷ್ಣೆಯರು ಸೇರಿ ಸಿಹಿನೀರು ಸುರಿಯುವುದರಿಂದ ಅದು ಸಪ್ಪೆ. ಉತ್ತರದ ತುದಿಯಲ್ಲಿ ಮಳೆಗಾಲದ ಕೊನೆಗೆ 30 ಗ್ರಾಮಿಗೂ ಕೆಳಗಿಳಿಯುತ್ತದೆ. ಎರಡೂ ಕಡೆ ಬಾಳುವ ಒಂದು ಜಾತಿಯಿದೆ, ಗ್ಲೊಬಿಜೆರಿನಾಯ್ಡಿಸ್ ರೂಬರ್. ಪ್ರಯೋಗಾಲಯದಲ್ಲಿ ಇದು 22ರಿಂದ 49 ಗ್ರಾಮಿನವರೆಗೂ ಉಪ್ಪನ್ನು ತಾಳಿಕೊಂಡಿದೆ. ರೂಬರ್ ಎಂದರೆ ಲ್ಯಾಟಿನ್ನಿನಲ್ಲಿ ಕೆಂಪು. ಅಟ್ಲಾಂಟಿಕ್‌ನಲ್ಲಿ ನಸುಗೆಂಪಿನವು ಈಗಲೂ ಇವೆ. ನಮ್ಮ ಹಿಂದೂ ಮಹಾಸಾಗರದಲ್ಲಿ ಕೆಂಪಿನವು ಕಾಣೆಯಾಗಿ ಸುಮಾರು 1,25,000 ವರ್ಷವಾಯಿತು, ಇರುವುದೆಲ್ಲ ಬಿಳಿ. ಹೆಸರು ಮಾತ್ರ ಕೆಂಪ. ಊರಿನ ಹೆಸರನ್ನು ಇನಿಷಿಯಲ್ ಮಾಡಿಕೊಂಡು ಆ ಊರಿಗೆ ಕಾಲಿಡದವರು ನಮ್ಮ ಆಫೀಸಿನಲ್ಲಿ ಎಷ್ಟು ಮಂದಿಯಿಲ್ಲ!

ನನ್ನ ವೃತ್ತಿಯವರಿಗೆ ಗೊತ್ತಿರುವ ಒಂದು ಮಾತಿದೆ: 'ಎನ್ವಿರಾನ್‌ಮೆಂಟ್ ಇಶ್ಯೂ'. ಪ್ರೋಗ್ರಾಮು ಕೈಕೊಟ್ಟಾಗ ಬರೆದ ಹುಡುಗ ಮೊದಲು ಹೇಳುವುದು ಅದನ್ನೇ. ನನ್ನ ಮಷಿನ್ನಿನಲ್ಲಿ ಸರಿ ಇತ್ತು ಸಾರ್, ಅಲ್ಲಿ ಹೋದ ಮೇಲೆ ಹೀಗಾಯಿತು. ಹತ್ತರಲ್ಲಿ ಎಂಟು ಸಲ ತಪ್ಪು ಕೋಡಿನಲ್ಲೇ ಇರುತ್ತದೆ. ನಾನು ಈ ಮಾತನ್ನು ಯಾರಿಂದಲೂ ಒಪ್ಪಿಕೊಳ್ಳುವುದಿಲ್ಲ ಎಂದು ಟೀಮಿನಲ್ಲಿ ಪ್ರಸಿದ್ಧ. ನನ್ನ ವಿಷಯದಲ್ಲಿ ಮಾತ್ರ ನಾಲ್ಕು ವರ್ಷಗಳಿಂದ ಅದನ್ನೇ ಹೇಳಿಕೊಂಡು ಬಂದಿದ್ದೆ.

2019ರ ಆಗಸ್ಟ್ 2, ಶುಕ್ರವಾರ ಅಪ್ಪನನ್ನು ಕಾರವಾರದಲ್ಲಿ ಆಸ್ಪತ್ರೆಗೆ ಸೇರಿಸಿದರು. ತಂಗಿ ಫೋನ್ ಮಾಡಿ, "ಬಂದುಬಿಡು" ಎಂದಳು. ಆ ಶನಿವಾರ-ಭಾನುವಾರ ನಮ್ಮದೊಂದು ಗೋ-ಲೈವ್ ಇತ್ತು. ಹದಿನಾಲ್ಕು ತಿಂಗಳ ಕೆಲಸ. "ಸೋಮವಾರ ಹೊರಡುತ್ತೇನೆ" ಎಂದೆ. ಸೋಮವಾರದ ಹೊತ್ತಿಗೆ ಒಂದೆರಡು ಕಡೆ ತೊಂದರೆ ಕಂಡಿತು, ಮಂಗಳವಾರ ಎಂದೆ. ಆ ವಾರ ಪಶ್ಚಿಮಘಟ್ಟದಲ್ಲಿ ಎಂಥ ಮಳೆ ಎಂದು ನಿಮಗೆ ನೆನಪಿರಬಹುದು. ಕದ್ರಾ ಅಣೆಕಟ್ಟಿನಿಂದ ನೀರು ಬಿಟ್ಟು ಕಾಳಿ ನದಿ ದಂಡೆಯ ಊರುಗಳಿಗೆ ನುಗ್ಗಿತು, ಘಟ್ಟದ ರಸ್ತೆಗಳು ಕುಸಿದವು. ಅಪ್ಪ ಬುಧವಾರ ಹೋದರು. ನಾನು ತಲುಪಿದ್ದು ಶುಕ್ರವಾರ ರಾತ್ರಿ. ಮಳೆ, ದಾರಿ ಬಂದ್ ಎಂದು ಎಲ್ಲರಿಗೂ ಹೇಳಿದೆ. ಎಲ್ಲರೂ ಒಪ್ಪಿದರು. ದಾರಿ ನಿಜವಾಗಿಯೂ ಬಂದ್ ಆಗಿತ್ತು, ಟಿವಿಯಲ್ಲಿ ತೋರಿಸುತ್ತಿದ್ದರು. ಶುಕ್ರವಾರದಿಂದ ಭಾನುವಾರದವರೆಗೆ ತೆರೆದಿತ್ತು ಎಂಬುದನ್ನು ಯಾರೂ ಕೇಳಲಿಲ್ಲ.

ಅಮ್ಮ ಆಗ ಏನೂ ಹೇಳಲಿಲ್ಲ. ವರ್ಷ ಕಳೆದ ಮೇಲೆ, ಬೇರೇನೋ ಮಾತಿನ ನಡುವೆ, "ಚೆನ್ನೈಗೆ ಹೋದ ಮೇಲೆ ನೀನು ಬದಲಾದೆ" ಎಂದರು. ಅದು ನನಗೆ ನೋವಿನ ಮಾತಾಗಬೇಕಿತ್ತು. ಸಮಾಧಾನವೇ ಆಯಿತು. ಬದಲಾದೆ ಎಂದರೆ ಬದಲಾಯಿಸಿದ್ದು ಯಾವುದೋ ಇದೆ. ಊರು, ಕೆಲಸ, ಕಾಲ. ಫೊರಾಮ್‌ಗಳ ಬಗ್ಗೆ ಓದಿದಾಗ ಹಿಗ್ಗಿದ್ದು ಇದಕ್ಕೇ ಇರಬೇಕು. ತಂಗಿಗೆ ಫೋನಿನಲ್ಲಿ ಆರ್ಬ್ಯುಲಿನಾ, ರಂಧ್ರ, ಉಪ್ಪು ಎಲ್ಲ ವರ್ಣಿಸಿ, ಜೀವ ಒಂದೇ, ನೀರು ಬದಲಾದರೆ ಚಿಪ್ಪು ಬದಲಾಗುತ್ತದೆ ನೋಡು, ಅದರ ತಪ್ಪೇನು ಎಂದೆ. ಅವಳಿಗೆ ನಾನು ಯಾವುದರ ಬಗ್ಗೆ ಮಾತಾಡುತ್ತಿದ್ದೇನೆ ಎಂದು ಕೂಡಲೇ ಗೊತ್ತಾಯಿತು.

"ನೀನು ಬದಲಾದೆ ಅಂತ ಅಮ್ಮ ಹೇಳ್ತಾರೆ. ನನಗೆ ಹಾಗನಿಸೋದಿಲ್ಲ. ಅಜ್ಜಿ ಹೋದಾಗಲೂ ನಿನಗೆ ಪರೀಕ್ಷೆ ಇತ್ತು. ನೀನು ಮೊದಲಿಂದಲೂ ಹೀಗೇ."

ಅವಳು ಜಗಳಕ್ಕೆ ಹೇಳಿದ್ದಲ್ಲ. ಹವಾಮಾನ ವರದಿ ಓದಿದ ಹಾಗೆ ಹೇಳಿದಳು.

ಇದಾಗಿ ಹತ್ತು ದಿನಕ್ಕೋ ಏನೋ, ಓದುತ್ತ ಓದುತ್ತ ಒಂದು ತಣ್ಣೀರಿನ ಫೊರಾಮ್ ಎದುರಾಯಿತು. ಹೆಸರು ನಿಯೋಗ್ಲೊಬೊಕ್ವಾಡ್ರಿನಾ ಪ್ಯಾಕಿಡರ್ಮಾ. ಪ್ಯಾಕಿಡರ್ಮಾ ಎಂದರೆ ದಪ್ಪ ಚರ್ಮದ್ದು, ಪ್ರಾಜೆಕ್ಟ್ ಮ್ಯಾನೇಜರ್ ಹುದ್ದೆಗೆ ಒಪ್ಪುವ ಹೆಸರು. ಇದರ ಸುರುಳಿ ಕೆಲವದರಲ್ಲಿ ಎಡಕ್ಕೆ, ಕೆಲವದರಲ್ಲಿ ಬಲಕ್ಕೆ ತಿರುಗಿರುತ್ತದೆ. ನಮ್ಮ ಮಾತಿನಲ್ಲಿ ಎಡಮುರಿ, ಬಲಮುರಿ. ಶ್ರೀರಂಗಪಟ್ಟಣದ ಹತ್ತಿರ ಕಾವೇರಿಗೆ ಈ ಎರಡೂ ಹೆಸರಿನ ಜಾಗಗಳಿವೆ. ಸೊಂಡಿಲು ನೋಡಿ ಗಣಪತಿಗೂ ಹೀಗೇ ಹೇಳುತ್ತೇವೆ. ತಮಿಳರ ವಲಂಪುರಿ ಶಂಖ ಇದೇ ಮಾತು. ಇಲ್ಲೊಂದು ತಮಾಷೆ: ನಾವು ಬಲಮುರಿ ಎಂದು ಪೂಜಿಸುವ ಅಪರೂಪದ ಶಂಖವನ್ನು ವಿಜ್ಞಾನಿಗಳು ಎಡಮುರಿ ಎನ್ನುತ್ತಾರೆ. ಶಂಖವನ್ನು ನಾವು ಒಂದು ತುದಿಯಿಂದ ಹಿಡಿದು ನೋಡುತ್ತೇವೆ, ಅವರು ಇನ್ನೊಂದು ತುದಿಯಿಂದ. ಮದ್ರಾಸಿನ ಮೀನುಗಾರಿಕೆ ಇಲಾಖೆಯಲ್ಲಿದ್ದ ಜೇಮ್ಸ್ ಹಾರ್ನೆಲ್ 1914ರಲ್ಲಿ ಶಂಖದ ಮೇಲೆ ಒಂದು ಇಡೀ ಪುಸ್ತಕವನ್ನೇ ಬರೆದಿದ್ದಾನೆ.

ಇರಲಿ, ಪ್ಯಾಕಿಡರ್ಮಾಗೆ ಬರುತ್ತೇನೆ. ಧ್ರುವದ ಕಡೆಯ ತಣ್ಣೀರಿನಲ್ಲಿ ಸಿಗುವವು ಹೆಚ್ಚುಕಡಿಮೆ ಎಲ್ಲವೂ ಎಡಮುರಿ. ಸ್ವಲ್ಪ ಬೆಚ್ಚಗಿನ ನೀರಿಗೆ ಬಂದರೆ ಬಲಮುರಿ. 1959ರಲ್ಲಿ ಎರಿಕ್ಸನ್ ಎಂಬಾತ ಇದನ್ನು ಹವಾಮಾನದ ಸೂಚಿಯಾಗಿ ಬಳಸಬಹುದೆಂದು ಬರೆದ. ಸಮುದ್ರತಳದ ಕೆಸರಿನಲ್ಲಿ ಕೊಳವೆ ಇಳಿಸಿ ತೆಗೆದು, ಪದರ ಪದರವಾಗಿ ಎಡಮುರಿ ಎಷ್ಟು, ಬಲಮುರಿ ಎಷ್ಟು ಎಂದು ಎಣಿಸಿದರೆ ಯಾವಾಗ ಹಿಮಯುಗ, ಯಾವಾಗ ಬಿಸಿಲು ಎಂದು ಹೇಳಬಹುದು. ಎಷ್ಟು ಅಂದವಾದ ಉಪಾಯ! ನೀರು ತಣ್ಣಗಾದರೆ ಚಿಪ್ಪು ಎಡಕ್ಕೆ ಹೊರಳುತ್ತದೆ, ಬೆಚ್ಚಗಾದರೆ ಬಲಕ್ಕೆ. ಸುತ್ತಲಿನ ಸ್ಥಿತಿ ಆಕಾರವನ್ನು ರೂಪಿಸುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೆ?

ಆಮೇಲೆ ಡಿಎನ್‌ಎ ಬಂತು. ಕೇಟ್ ಡಾರ್ಲಿಂಗ್ ಮತ್ತು ಜೊತೆಗಾರರು ಜೀವಂತ ಫೊರಾಮ್‌ಗಳನ್ನು ಹಿಡಿದು ಅವುಗಳ ವಂಶವಾಹಿ ಓದಿದರು. 2006ರಲ್ಲಿ ಅವರು ಹೇಳಿದ್ದು ಇಷ್ಟು: ಎಡಮುರಿ ಮತ್ತು ಬಲಮುರಿ ಒಂದೇ ಜೀವಿಯ ಎರಡು ರೂಪಗಳಲ್ಲ. ಅವು ಬೇರೆ ಬೇರೆ ಜಾತಿಗಳು, ಬಹಳ ಹಿಂದೆಯೇ ಕವಲೊಡೆದವು. ಬಲಮುರಿಗೆ ನಿಯೋಗ್ಲೊಬೊಕ್ವಾಡ್ರಿನಾ ಇನ್‌ಕಾಂಪ್ಟಾ ಎಂಬ ಹೆಸರನ್ನು ಬಳಸಬೇಕು ಎಂದರು. ಎರಡರಲ್ಲೂ ನೂರಕ್ಕೆ ಒಂದೆರಡು ತಪ್ಪು ದಿಕ್ಕಿಗೆ ತಿರುಗಿದವು ಇರುತ್ತವೆ, ಅಷ್ಟೇ. ಅಂದರೆ ನೀರು ತಣ್ಣಗಾದಾಗ ಯಾವುದೂ ಎಡಕ್ಕೆ ಹೊರಳಲಿಲ್ಲ. ಬಲಮುರಿಯವು ಆ ಜಾಗ ಬಿಟ್ಟವು, ಮೊದಲಿಂದಲೂ ಎಡಮುರಿಯಾಗಿದ್ದವು ಬಂದು ತುಂಬಿಕೊಂಡವು. ಲೆಕ್ಕ ಮೊದಲಿನಷ್ಟೇ ಸರಿ. ತಣ್ಣೀರಿಗೆ ಎಡಮುರಿ ಎಂಬ ಸೂಚಿ ಈಗಲೂ ಕೆಲಸ ಮಾಡುತ್ತದೆ. ಸುಳ್ಳಾದದ್ದು ಅದರ ಹಿಂದಿನ ಕಥೆ.

ರಾತ್ರಿ ಒಂದೂವರೆ ಇರಬೇಕು. ಲ್ಯಾಪ್‌ಟಾಪು ಮುಚ್ಚಿ ಬಾಲ್ಕನಿಯಲ್ಲಿ ಹೋಗಿ ನಿಂತೆ. ನೀನು ಮೊದಲಿಂದಲೂ ಹೀಗೇ.

ಆರ್ಬ್ಯುಲಿನಾ ಆದರೂ ಕೈಹಿಡಿದೀತೆ ಎಂದು ಮರುದಿನ ಹುಡುಕಿದೆ. ಅದರಲ್ಲೂ ಮೂರು ಗುಪ್ತ ಜಾತಿಗಳಿವೆ ಎಂದು 1999ರಲ್ಲೇ ಕಂಡುಕೊಂಡಿದ್ದರು. ಕಣ್ಣಿಗೆ ಒಂದೇ ಗೋಲಿ, ಒಳಗೆ ಮೂರು ವಂಶ, ರಂಧ್ರಗಳ ಗಾತ್ರದಲ್ಲಿ ವ್ಯತ್ಯಾಸ. ನೀರಿಗೆ ತಕ್ಕ ರಂಧ್ರ ಎಂದು ಅಂದುಕೊಂಡಿದ್ದರಲ್ಲಿ ಒಂದಷ್ಟು ಪಾಲು ಬೇರೆ ನೀರನ್ನು ಇಷ್ಟಪಡುವ ಬೇರೆ ಜಾತಿ ಎಂದಾಯಿತು. ನನ್ನ ಹನ್ನೊಂದು ಗೋಲಿಗಳಲ್ಲಿ ಯಾವುದು ಯಾವ ವಂಶದ್ದೋ.

ಹಾಗೆಂದು ನೀರಿಗೆ ಏನೂ ಹೊಣೆಯಿಲ್ಲ ಎನ್ನುವಂತಿಲ್ಲ. ಇದನ್ನು ನನ್ನ ಅನುಕೂಲಕ್ಕೆ ಹೇಳುತ್ತಿಲ್ಲ. ಫೊರಾಮ್‌ಗಳನ್ನು ಗಾಜಿನ ಪಾತ್ರೆಯಲ್ಲಿ ಸಾಕಿ, ನೀರಿನಲ್ಲಿ ಕಾರ್ಬೊನೇಟಿನ ಪ್ರಮಾಣವನ್ನು ಬದಲಿಸಿ ನೋಡಿದ್ದಾರೆ. ಅದು ಕಡಿಮೆಯಾದರೆ ಚಿಪ್ಪು ಹಗುರ, ಹೆಚ್ಚಿದರೆ ಭಾರ. ಇಲ್ಲಿ ಜಾತಿ ಬದಲಾಗಿಲ್ಲ, ಆ ಜೀವವೇ ತೆಳ್ಳಗೆ ಕಟ್ಟಿಕೊಂಡಿದೆ. ನಾವು ಸುಡುವ ಕಲ್ಲಿದ್ದಲು, ಡೀಸೆಲ್‌ಗಳ ಇಂಗಾಲದ ಡೈಆಕ್ಸೈಡಿನಲ್ಲಿ ದೊಡ್ಡ ಪಾಲನ್ನು ಸಮುದ್ರ ಕುಡಿಯುತ್ತದೆ. ಕೈಗಾರಿಕೆ ಶುರುವಾದಂದಿನಿಂದ ಮೇಲ್ಮೈ ನೀರಿನ ಪಿಎಚ್ 8.2ರಿಂದ 8.1ಕ್ಕೆ ಇಳಿದಿದೆ. ಕೇಳಲು ಏನೂ ಅಲ್ಲ, ಆದರೆ ಆ ಅಳತೆಯ ಲೆಕ್ಕದಲ್ಲಿ ಆಮ್ಲತೆ ಕಾಲು ಪಾಲಿಗಿಂತ ಹೆಚ್ಚಿದಂತೆ. ಕಾರ್ಬೊನೇಟು ಅಷ್ಟಕ್ಕೆ ಕಡಿಮೆ. 2009ರಲ್ಲಿ ಎರಡು ವರದಿಗಳು ಬಂದವು. ದಕ್ಷಿಣ ಸಾಗರದಲ್ಲಿ ಗ್ಲೊಬಿಜೆರಿನಾ ಬುಲ್ಲಾಯ್ಡಿಸ್ ಜಾತಿಯ ಇಂದಿನ ಚಿಪ್ಪುಗಳು ತಳದ ಕೆಸರಿನಲ್ಲಿರುವ ಹಳೆಯ ಚಿಪ್ಪುಗಳಿಗಿಂತ ಶೇಕಡಾ 30ರಿಂದ 35ರಷ್ಟು ಹಗುರ ಎಂದು ಒಂದು. ಅರಬ್ಬಿ ಸಮುದ್ರದಲ್ಲಿ, ಸೊಮಾಲಿಯಾದ ಆಚೆ, ಕೆಸರಿನ ಮೇಲ್ಪದರದ ರೂಬರ್ ಚಿಪ್ಪುಗಳು ಕೆಳಗಿನವುಗಳಿಗಿಂತ ತೆಳುವಾಗಿವೆ ಎಂದು ಇನ್ನೊಂದು. ಎರಡನೆಯದರ ಶೀರ್ಷಿಕೆಯ ಕೊನೆಯಲ್ಲಿ ಪ್ರಶ್ನಾರ್ಥಕ ಚಿಹ್ನೆ ಇದೆ. ಮನುಷ್ಯ ಮಾಡಿದ ಆಮ್ಲತೆಯಿಂದಲೇ ಹೀಗಾಯಿತೇ, ಎಂದು. ನನ್ನ ರೂಟ್ ಕಾಸ್ ವರದಿಗಳಲ್ಲಿ ಅಂಥದೊಂದು ಚಿಹ್ನೆಯನ್ನು ನಾನು ಒಮ್ಮೆಯೂ ಹಾಕಿದ್ದಿಲ್ಲ. ಕ್ಲೈಂಟು ಒಪ್ಪುವುದಿಲ್ಲ.

ನಮ್ಮೂರಿನ ಕೆಸರಿನ ಬಗ್ಗೆಯೂ ಬರೆದಿದ್ದಾರೆ ಎಂದು ಗೊತ್ತಾದದ್ದು ಆಗಲೇ. ಗೋವಾದ ದೋನಾ ಪೌಲಾದಲ್ಲಿರುವ ರಾಷ್ಟ್ರೀಯ ಸಮುದ್ರವಿಜ್ಞಾನ ಸಂಸ್ಥೆ, 1966ರ ಜನವರಿ 1ರಂದು ಹುಟ್ಟಿದ್ದು, ನನ್ನ ಗೆಳೆಯ ಕರೆದಿದ್ದ ದಾರಿ ಅದೇ. ಅಲ್ಲಿನ ರಾಜೀವ್ ನಿಗಮ್ ಮತ್ತು ಸಂಗಡಿಗರು ಕಾರವಾರದ ಮುಂದಿನ ಸಮುದ್ರತಳದಿಂದ ಕೆಸರಿನ ಕೊಳವೆ ತೆಗೆದು ನೋಡಿದ್ದರು. ಅವರು ನೋಡಿದ್ದು ತೇಲುವ ಫೊರಾಮ್‌ಗಳನ್ನಲ್ಲ, ತಳದಲ್ಲಿ ಬಾಳುವ ದಾಯಾದಿಗಳನ್ನು. ರೊಟಾಲಿಡಿಯಂ ಅನೆಕ್ಟೆನ್ಸ್ ಎಂಬ ಜಾತಿ. ಅದರ ಎಲ್ಲಕ್ಕಿಂತ ಮೊದಲ ಕೋಣೆ, ಹುಟ್ಟಿದಾಗಿನದು, ಎಷ್ಟು ದೊಡ್ಡದಿದೆ ಎಂದು ನೂರಾರು ಚಿಪ್ಪುಗಳಲ್ಲಿ ಅಳೆದು ಸರಾಸರಿ ತೆಗೆದರೆ, ಆ ಸರಾಸರಿಗೂ ಕಾಳಿ ನದಿ ಸಮುದ್ರಕ್ಕೆ ಸುರಿಯುವ ನೀರಿಗೂ ನಂಟು ಕಾಣುತ್ತದೆ. ಘಟ್ಟದಲ್ಲಿ ಎಷ್ಟು ಮಳೆ ಬಿತ್ತು ಎಂಬುದು ಒಂದು ಹುಳದ ಹುಟ್ಟುಕೋಣೆಯ ಅಳತೆಯಲ್ಲಿ! ಅದನ್ನು ಹಿಡಿದುಕೊಂಡು ಹಿಂದಕ್ಕೆ ಹೋಗಿ, ಬರಗಾಲಗಳು ಸುಮಾರು 77 ವರ್ಷಗಳ ಸುತ್ತಿನಲ್ಲಿ ಬಂದಿವೆ ಎಂದು 1995ರಲ್ಲಿ ಬರೆದರು. ಇಲ್ಲಿಯೂ ಕೆಲಸ ನಡೆಯುವುದು ಸಂತಾನದ ಮೂಲಕ. ಈ ಜೀವಿಗಳು ಒಂದು ತಲೆಮಾರು ಗಂಡು-ಹೆಣ್ಣು ಕೋಶಗಳ ಕೂಡಿಕೆಯಿಂದ, ಇನ್ನೊಂದು ತಲೆಮಾರು ಬರೀ ಒಡೆದುಕೊಂಡು ಹುಟ್ಟುತ್ತವೆ. ಮೊದಲ ಬಗೆಯವಕ್ಕೆ ಹುಟ್ಟುಕೋಣೆ ಚಿಕ್ಕದು, ಎರಡನೆಯವಕ್ಕೆ ದೊಡ್ಡದು. ಯಾವ ಕಾಲಕ್ಕೆ ಯಾವುದು ಹೆಚ್ಚು ಎಂಬುದಷ್ಟೇ ನೀರಿನ ಕೈಯಲ್ಲಿ. ನೀರು ರೂಪಿಸಿತು ಎನ್ನುತ್ತೀರೋ, ಆರಿಸಿಕೊಂಡಿತು ಎನ್ನುತ್ತೀರೋ?

ನನಗೆ ಹೊಳೆದದ್ದು ಬೇರೆ. 2019ರ ಆಗಸ್ಟಿನ ಕಾಳಿಯ ನೀರೂ ಆ ಕೆಸರಿಗೆ ಬಂದು ಸೇರಿದೆ. ಭಾನುವಾರ, ಸೋಮವಾರ ಎಂಬ ವಿವರ ಅದರಲ್ಲಿರುವುದಿಲ್ಲ. ಒಂದು ಮಿಲಿಮೀಟರ್ ಕೆಸರಿಗೆ ಅಷ್ಟು ನೆನಪು ಇರುವುದಿಲ್ಲ.

ಮೇ ತಿಂಗಳಲ್ಲಿ ಅಮ್ಮ ಬಂದರು. ಅಪ್ಪ ಹೋದ ಮೇಲೆ ಮೊದಲ ಸಲ. ತಂಗಿ ಮಂಗಳೂರಿನವರೆಗೆ ಬಂದು ಮೈಲು ಗಾಡಿಗೆ ಹತ್ತಿಸಿದ್ದಳು, ನಾನು ಬೆಳಗ್ಗೆ ಸೆಂಟ್ರಲ್‌ಗೆ ಹೋಗಿ ಕರೆತಂದೆ. ಕೋಕಂ, ಒಣಮೀನು, ಎರಡು ಬಾಟಲಿ ತೆಂಗಿನೆಣ್ಣೆ. ಮೂರು ದಿನ ಸೆಖೆಯನ್ನು ಬೈದರು. ನಾಲ್ಕನೆಯ ದಿನ ಸಂಜೆ ಮಗಳು ಅಜ್ಜಿಯನ್ನು ಲ್ಯಾಪ್‌ಟಾಪಿನ ಮುಂದೆ ಕೂರಿಸಿ ಸ್ಲೈಡು ತೋರಿಸಿದಳು. ಅವಳ ಕನ್ನಡದಲ್ಲಿ ಅರ್ಧ ತಮಿಳು, ಆದರೂ ವಿವರಣೆ ನನ್ನದಕ್ಕಿಂತ ಚೆನ್ನಾಗಿತ್ತು.

"ಸಾಬಕ್ಕಿ ಇದ್ದ ಹಾಗೆ ಇದೆ" ಎಂದರು ಅಮ್ಮ.

"ಒಳಗೆ ಅದರ ಚಿಕ್ಕಂದಿನ ಮನೆ ಇರುತ್ತೆ ಅಜ್ಜೀ. ಒಡೆದು ನೋಡೋಣವಾ?"

ನಾನು ಬೇಡವೆನ್ನುವ ಮೊದಲೇ ಗಾಜು ಸರಿಸಿ ಸೂಜಿಯಿಂದ 44ನೆಯ ಚೌಕದ್ದನ್ನು ಒತ್ತಿದಳು. ಸ್ಕ್ರೀನಿನಲ್ಲಿ ಅದು ಮೊಟ್ಟೆಯ ಚಿಪ್ಪಿನಂತೆ ಎರಡು ಮೂರು ಹೋಳಾಯಿತು. ಒಳಗೆ ಏನೂ ಇರಲಿಲ್ಲ. ಕೆಲವು ಆರ್ಬ್ಯುಲಿನಾಗಳಲ್ಲಿ ಒಳಗಿನ ಸುರುಳಿ ಉಳಿದಿರುತ್ತದೆ, ಕೆಲವು ಅದನ್ನು ಸಾಯುವ ಮೊದಲೇ ಕರಗಿಸಿಕೊಂಡುಬಿಟ್ಟಿರುತ್ತವೆ ಎಂದು ಓದಿದ್ದೆ, ಹಾಗೆಂದು ಹೇಳಿದೆ. ಮಗಳು 45ಕ್ಕೆ ಸೂಜಿ ಒಯ್ದಳು.

"ಸಾಕು ಮಗಾ, ಇರಲಿ ಬಿಡು" ಎಂದರು ಅಮ್ಮ.

ಮಗಳು ಎದ್ದು ಟ್ಯೂಷನ್ನಿಗೆ ಹೋದಳು. ನಾನು ಗಾಜನ್ನು ಮತ್ತೆ ಜೋಡಿಸುತ್ತಿದ್ದೆ. ಅಮ್ಮ ಸ್ಕ್ರೀನನ್ನೇ ನೋಡುತ್ತ ಕೂತಿದ್ದರು. ನಾನು ಅವರ ಕಡೆ ತಿರುಗದೆ ಹೇಳಿದೆ: ಅಪ್ಪನ್ನ ಆಸ್ಪತ್ರೆಗೆ ಸೇರಿಸಿದಾಗ ದಾರಿ ಇತ್ತು. ಶುಕ್ರವಾರ ಹೊರಟಿದ್ದರೆ ಶನಿವಾರ ಬರಬಹುದಿತ್ತು. ಮಳೆಯಿಂದ ತಡವಾದದ್ದಲ್ಲ.

"ಗೊತ್ತಿತ್ತು" ಎಂದರು ಅಮ್ಮ. "ಸೋಮವಾರದವರೆಗೂ ಮಂಗಳೂರು ಬಸ್ಸು ಮನೆ ಮುಂದೆಯೇ ಹೋಗ್ತಿತ್ತಲ್ಲ. ಪ್ರತಿ ಬಸ್ಸಿಗೂ ನಿನ್ನಪ್ಪ ಫೋನ್ ಮಾಡಿಸಿ ಕೇಳ್ತಿದ್ದರು, ಇಳಿದನಾ ಅಂತ."

ಆಮೇಲೆ ಸ್ಕ್ರೀನಿನ ಕಡೆ ಕೈ ತೋರಿಸಿ, ಇದರಲ್ಲಿ ನಮ್ಮ ಕಾರವಾರದ್ದು ಯಾವುದು ಎಂದು ಕೇಳಿದರು.